ಭೂಬಳಕೆಯ ಬದಲಾವಣೆ ಅಳೆಯಲು ಯಾವ ಉಪಗ್ರಹ ದತ್ತಾಂಶ?

ಒಂದು ತಾಲ್ಲೂಕಿನಲ್ಲಿ ಎಷ್ಟು ಗದ್ದೆ ಅಡಿಕೆ ತೋಟವಾಯಿತು, ಎಷ್ಟು ಹೊಲ ಬಡಾವಣೆಯಾಯಿತು, ಎಷ್ಟು ಕಾಡು ಕರಗಿತು ಎಂದು ತಿಳಿಯಬಯಸುವವರಿಗೆ ಇಂದು ದತ್ತಾಂಶದ ಕೊರತೆಯಿಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್, ಯುರೋಪಿನ ಸೆಂಟಿನೆಲ್ ಮತ್ತು ನಮ್ಮದೇ ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಲ್ಲದೆ, ಅವುಗಳನ್ನು ಆಧರಿಸಿ ಸಿದ್ಧಪಡಿಸಿಟ್ಟ ನಕ್ಷೆಗಳೂ ಬಹುಮಟ್ಟಿಗೆ ಉಚಿತವಾಗಿಯೇ ಸಿಗುತ್ತವೆ. ಇವುಗಳಲ್ಲಿ ಒಂದನ್ನು ಆರಿಸುವಾಗ ಹೆಚ್ಚಿನವರು ಮೊದಲು ಕೇಳುವುದು ಯಾವುದರಲ್ಲಿ ನೆಲ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂದು. ನನ್ನ ದೃಷ್ಟಿಯಲ್ಲಿ ಅದು ಎರಡನೆಯ ಪ್ರಶ್ನೆ. ಎರಡು ಕಾಲದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಎದ್ದು ಕಾಣುವ ವ್ಯತ್ಯಾಸಗಳಲ್ಲಿ ದೊಡ್ಡ ಪಾಲು ಭೂಬಳಕೆಯ ಬದಲಾವಣೆಯೇ ಆಗಿರುವುದಿಲ್ಲ. ಆ ವರ್ಷದ ಮಳೆ, ಆ ವಾರದ ಬೆಳೆಯ ಹಂತ, ಸಂವೇದಕದ ಗುಣ, ನಕ್ಷೆ ಮಾಡಿದವರು 'ಕಾಡು' ಎಂಬುದಕ್ಕೆ ಕೊಟ್ಟ ವ್ಯಾಖ್ಯೆ, ಇವುಗಳ ವ್ಯತ್ಯಾಸವಾಗಿರುತ್ತದೆ. ಆದ್ದರಿಂದ ಇಲ್ಲಿನ ಹೋಲಿಕೆಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಹುಸಿ ಬದಲಾವಣೆಯನ್ನು ನಿಜವಾದುದರಿಂದ ಬೇರ್ಪಡಿಸಲು ಯಾವ ದತ್ತಾಂಶ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದು. ಉದಾಹರಣೆಗಳನ್ನು ಕರ್ನಾಟಕದಿಂದಲೇ ಆರಿಸಿಕೊಂಡಿದ್ದೇನೆ. ಈ ವಿಷಯದ ಬಹುತೇಕ ಎಲ್ಲ ತೊಡಕುಗಳೂ ಕರಾವಳಿಯಿಂದ ವಿಜಯಪುರದವರೆಗಿನ ದಾರಿಯಲ್ಲೇ ಎದುರಾಗುತ್ತವೆ.

ಕಾಣುವುದು ಹೊದಿಕೆ, ಊಹಿಸುವುದು ಬಳಕೆ

ಉಪಗ್ರಹವು ಅಳೆಯುವುದು ನೆಲದಿಂದ ಪ್ರತಿಫಲಿಸಿ ಬಂದ ಬೆಳಕನ್ನು ಅಥವಾ ರೇಡಾರ್ ಅಲೆಯನ್ನು ಮಾತ್ರ. ಅದರಿಂದ ನೆಲದ ಮೇಲಿನ ಹೊದಿಕೆ ಏನೆಂದು ಹೇಳಬಹುದು. ಆ ನೆಲವನ್ನು ಮನುಷ್ಯರು ಯಾವುದಕ್ಕೆ ಬಳಸುತ್ತಿದ್ದಾರೆ ಎಂಬುದು ಅದರ ಮೇಲೆ ನಾವು ಕಟ್ಟುವ ಊಹೆ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ, ಆದರೆ ಅದರ ಬಳಕೆ ಅಡಿಕೆ ತೋಟದ ಗೊಬ್ಬರಕ್ಕೆ ಸೇರಿದ್ದು. ಗೋಮಾಳ ಯಾವ ನಕ್ಷೆಯಲ್ಲೂ ಗೋಮಾಳವೆಂದು ಬರುವುದಿಲ್ಲ. ಕುರುಚಲು ಅಥವಾ ಬಂಜರು ಎಂದು ಬರುತ್ತದೆ. ಪಹಣಿಯಲ್ಲಿ ಖುಷ್ಕಿ ಎಂದಿರುವ ಜಮೀನಿನಲ್ಲಿ ಹತ್ತು ವರ್ಷಗಳಿಂದ ತೆಂಗು ನಿಂತಿರಬಹುದು, ಭೂಪರಿವರ್ತನೆಯಾಗಿ ನಿವೇಶನಗಳೆಂದು ದಾಖಲಾದ ನೆಲದಲ್ಲಿ ಇನ್ನೂ ರಾಗಿಯೇ ಬೆಳೆಯುತ್ತಿರಬಹುದು. ದಾಖಲೆ ಮತ್ತು ಚಿತ್ರಗಳಲ್ಲಿ ಒಂದು ಸುಳ್ಳು, ಇನ್ನೊಂದು ನಿಜ ಎಂದು ತೀರ್ಮಾನಿಸುವ ಅಗತ್ಯವಿಲ್ಲ, ಏಕೆಂದರೆ ಅವು ಉತ್ತರಿಸುವ ಪ್ರಶ್ನೆಗಳೇ ಬೇರೆ.

ಕಾಲದ ವಿಷಯ ಇದಕ್ಕಿಂತ ಹೆಚ್ಚು ಮೋಸಗೊಳಿಸುತ್ತದೆ. ವಿಜಯಪುರದ ಎರೆಹೊಲಗಳಲ್ಲಿ ಅನೇಕ ರೈತರು ಮುಂಗಾರಿನಲ್ಲಿ ನೆಲವನ್ನು ಖಾಲಿ ಬಿಟ್ಟು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಿಂಗಾರಿ ಜೋಳ ಬಿತ್ತುತ್ತಾರೆ. ಆಗಸ್ಟ್ ತಿಂಗಳ ಚಿತ್ರದಲ್ಲಿ ಬರಿನೆಲವಾಗಿ ಕಾಣುವುದು ಡಿಸೆಂಬರಿನಲ್ಲಿ ಹಸಿರು ಹೊಲ. ಶರಾವತಿಯ ಲಿಂಗನಮಕ್ಕಿ ಜಲಾಶಯದ ಅಂಚುಗಳು ಅಕ್ಟೋಬರಿನಲ್ಲಿ ನೀರು, ಮೇ ತಿಂಗಳಲ್ಲಿ ಹುಲ್ಲು ಮೊಳೆತ ಮಣ್ಣು. ವರ್ಷದಿಂದ ವರ್ಷಕ್ಕೆ ಬರುವ ಏರಿಳಿತವೂ ಸಣ್ಣದಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಆ ವರ್ಷದ ಚಿತ್ರವನ್ನು ಒಳ್ಳೆಯ ಮಳೆ ಕಂಡ ಹಿಂದಿನ ವರ್ಷದ ಚಿತ್ರದೊಂದಿಗೆ ಹೋಲಿಸಿದವರಿಗೆ ಬಯಲುಸೀಮೆಯ ಕೃಷಿಯೇ ಕುಸಿದು ಹೋದಂತೆ ತೋರುತ್ತದೆ. ಬೇಸಾಯ ಬಿಟ್ಟುಹೋದ ನೆಲ ಮತ್ತು ಬರದಿಂದ ಬಿತ್ತದೆ ಉಳಿದ ನೆಲ ಇವೆರಡನ್ನೂ ಬೇರ್ಪಡಿಸಲು ಕನಿಷ್ಠ ಮೂರು–ನಾಲ್ಕು ವರ್ಷಗಳ, ಪ್ರತಿ ವರ್ಷದ ಹಲವು ತಿಂಗಳ ಚಿತ್ರಗಳು ಬೇಕೇ ಬೇಕು. ಎಷ್ಟು ದಿನಕ್ಕೊಮ್ಮೆ ಚಿತ್ರ ಸಿಗುತ್ತದೆ, ಎಷ್ಟು ವರ್ಷ ಹಿಂದಕ್ಕೆ ಸಿಗುತ್ತದೆ ಎಂಬ ಎರಡು ಸಂಗತಿಗಳನ್ನು ಪಿಕ್ಸೆಲ್‌ನ, ಅಂದರೆ ಚಿತ್ರದ ಒಂದು ಚುಕ್ಕಿ ಆವರಿಸುವ ನೆಲದ, ಗಾತ್ರಕ್ಕಿಂತ ಮುಂದೆ ಇಡುವುದಕ್ಕೆ ಇದೇ ಕಾರಣ.

ಪಿಕ್ಸೆಲ್ ಎಂದರೆ ಎಷ್ಟು ಗುಂಟೆ?

ಗಾತ್ರವನ್ನು ಕಡೆಗಣಿಸುವಂತೆಯೂ ಇಲ್ಲ. ಒಂದು ಗುಂಟೆ ಸುಮಾರು 101 ಚದರ ಮೀಟರ್. ಹೀಗಾಗಿ ಸೆಂಟಿನೆಲ್-2ರ 10 ಮೀಟರ್ ಪಿಕ್ಸೆಲ್ ಹೆಚ್ಚುಕಡಿಮೆ ಒಂದು ಗುಂಟೆಗೆ ಸಮ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್ ಒಂಬತ್ತು ಗುಂಟೆ, ರಿಸೋರ್ಸ್‌ಸ್ಯಾಟ್‌ನ ಲಿಸ್-3 ಸಂವೇದಕದ 23.5 ಮೀಟರ್ ಪಿಕ್ಸೆಲ್ ಐದೂವರೆ ಗುಂಟೆ, ಅದೇ ಉಪಗ್ರಹದ ಎವಿಫ್ಸ್ ಸಂವೇದಕದ 56 ಮೀಟರ್ ಪಿಕ್ಸೆಲ್ ಮೂವತ್ತೊಂದು ಗುಂಟೆ. ನಾಸಾದ ಮೋಡಿಸ್ ಸಂವೇದಕದ 250 ಮೀಟರ್ ಪಿಕ್ಸೆಲ್ ಒಳಗೆ ಹದಿನೈದು ಎಕರೆ ಅಡಗಿರುತ್ತದೆ. ನಮ್ಮ ಬಹುತೇಕ ಹಿಡುವಳಿಗಳಿಗೆ ಅದು ಒಗ್ಗದು, ಜಿಲ್ಲೆ ಅಥವಾ ರಾಜ್ಯದ ಮಟ್ಟದ ಹಸಿರಿನ ಏರಿಳಿತಕ್ಕೆ ಮಾತ್ರ ಸರಿ.

ಚೌಕಾಕಾರದ ಒಂದು ಎಕರೆ ಹೊಲದ ಪ್ರತಿ ಬದಿ ಸುಮಾರು 64 ಮೀಟರ್ ಇರುತ್ತದೆ. ಅದರೊಳಗೆ ಬದುವಿಗೆ ತಾಗದೆ, ಪಕ್ಕದ ಹೊಲವನ್ನು ಬೆರೆಸಿಕೊಳ್ಳದೆ ಪೂರ್ತಿಯಾಗಿ ಕೂರುವ ಪಿಕ್ಸೆಲ್‌ಗಳು ಸೆಂಟಿನೆಲ್-2ರಲ್ಲಿ ಸುಮಾರು ಇಪ್ಪತ್ತೈದು. ಲ್ಯಾಂಡ್‌ಸ್ಯಾಟ್‌ನಲ್ಲಿ ಖಾತ್ರಿಯಾಗಿ ಸಿಗುವುದು ಒಂದೇ. ಮಲೆನಾಡಿನ ಕಣಿವೆಯಲ್ಲಿ ಅಂಕುಡೊಂಕಾಗಿ ಹರಿಯುವ ಗದ್ದೆಯ ಪಟ್ಟಿಗಳಲ್ಲಿ ಆ ಒಂದೂ ಸಿಗದಿರಬಹುದು. ಹತ್ತಾರು ಎಕರೆಯ ಬಡಾವಣೆ, ಗಣಿ, ಕೆರೆ ಅಥವಾ ನೆಡುತೋಪುಗಳಿಗೆ ಲ್ಯಾಂಡ್‌ಸ್ಯಾಟ್ ಧಾರಾಳವಾಗಿ ಸಾಕು. ಬಿಡಿ ಹಿಡುವಳಿಗಳ ಮಟ್ಟದಲ್ಲಿ ಮಾತನಾಡಬೇಕಿದ್ದರೆ ಸಾಲದು.

ಮೂರು ಬೆಳಕಿನ ಉಪಗ್ರಹಗಳು

ಲ್ಯಾಂಡ್‌ಸ್ಯಾಟ್‌ನ ದೊಡ್ಡ ಬಲ ಅದರ ವಯಸ್ಸು. ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. 30 ಮೀಟರ್ ಚಿತ್ರಗಳ ಸರಣಿ 1980ರ ದಶಕದಿಂದ ಸಿಗುತ್ತದೆ. 2008ರಿಂದ ಅದರ ಇಡೀ ಸಂಗ್ರಹವೇ ಉಚಿತವಾಗಿದೆ. 1990ರ ನಂತರ ಬೆಂಗಳೂರು ಹರಡಿದ ಬಗೆಯನ್ನು ಬಿಟ್ಟುಬಿಡದೆ ಹಿಂಬಾಲಿಸಬೇಕೆಂದರೆ ಇದಕ್ಕೆ ಸಮನಾದ ಪರ್ಯಾಯವಿಲ್ಲ. ಆದರೆ ಒಂದೊಂದು ಉಪಗ್ರಹ ಒಂದೇ ಜಾಗಕ್ಕೆ ಮರಳುವುದು 16 ದಿನಗಳಿಗೊಮ್ಮೆ. ಈಗಿನ ಲ್ಯಾಂಡ್‌ಸ್ಯಾಟ್ 8 ಮತ್ತು 9ರಂತೆ ಎರಡು ಉಪಗ್ರಹಗಳು ಜೊತೆಯಾಗಿ ಕೆಲಸ ಮಾಡುವಾಗ ಅದು 8 ದಿನವಾಗುತ್ತದೆ. 2003ರ ಮೇ ಕೊನೆಯಲ್ಲಿ ಲ್ಯಾಂಡ್‌ಸ್ಯಾಟ್ 7ರ ಸ್ಕ್ಯಾನ್ ಲೈನ್ ಸರಿಪಡಿಸುವ ಸಾಧನ ಕೆಟ್ಟ ಮೇಲೆ ಅದರ ಪ್ರತಿ ಚಿತ್ರದಲ್ಲೂ ಸುಮಾರು 22 ಶೇಕಡಾ ಭಾಗ ಪಟ್ಟೆಪಟ್ಟೆಯಾಗಿ ಕಾಣೆಯಾಗಿದೆ. ಆ ಪಟ್ಟೆಗಳನ್ನು ಬೇರೆ ದಿನದ ಚಿತ್ರದಿಂದ ತುಂಬಿದ ನಕ್ಷೆಗಳಲ್ಲಿ ಓರೆಯಾಗಿ ಸಾಲುಗಟ್ಟಿದ 'ಬದಲಾವಣೆ' ಕಂಡರೆ ಅದು ನೆಲದ ಮೇಲೆ ನಡೆದ ಸಂಗತಿಯಲ್ಲ.

ಸೆಂಟಿನೆಲ್-2ರ ಕಥೆ 2015ರಲ್ಲಿ ಶುರುವಾಗುತ್ತದೆ. 2017ರಲ್ಲಿ ಎರಡನೆಯ ಉಪಗ್ರಹ ಸೇರಿದ ಮೇಲೆ ಐದು ದಿನಗಳಿಗೊಮ್ಮೆ ಚಿತ್ರ ಸಿಗತೊಡಗಿತು. ಬೆಳೆಯ ಪೂರ್ಣ ಚಕ್ರವನ್ನು ಓದಲು ಈ ಅಂತರ ಬಹಳ ಅನುಕೂಲ. 10 ಮೀಟರ್ ಸಿಗುವುದು ನೀಲಿ, ಹಸಿರು, ಕೆಂಪು ಮತ್ತು ಸಮೀಪದ ಅವಕೆಂಪು ಪಟ್ಟಿಗಳಲ್ಲಿ, ಅಂದರೆ ಸಂವೇದಕ ಬೇರೆಬೇರೆಯಾಗಿ ಅಳೆಯುವ ಬೆಳಕಿನ ಬಣ್ಣಗಳಲ್ಲಿ, ಮಾತ್ರ. ತೇವವನ್ನೂ ಕಟ್ಟಡವನ್ನೂ ಗುರುತಿಸಲು ಬೇಕಾದ ಕಿರುತರಂಗದ ಅವಕೆಂಪು ಪಟ್ಟಿಗಳು 20 ಮೀಟರ್. ಇಲ್ಲೊಂದು ಬಲೆಯಿದೆ, ಅದನ್ನು ತುಸು ವಿವರವಾಗಿಯೇ ಹೇಳಬೇಕು. 2022ರ ಜನವರಿ 25ರಿಂದ ಈ ಚಿತ್ರಗಳ ಸಂಸ್ಕರಣೆ ಬದಲಾಗಿ, ಪ್ರತಿ ಪಿಕ್ಸೆಲ್ ಮೌಲ್ಯಕ್ಕೆ 1000 ಸೇರಿಸುವ ಪದ್ಧತಿ ಬಂದಿತು. ಬಳಸುವವರು ಅದನ್ನು ಕಳೆಯಬೇಕು. ಕೆಂಪಿನಲ್ಲಿ 500, ಅವಕೆಂಪಿನಲ್ಲಿ 3500 ಇರುವ ದಟ್ಟ ಹಸಿರಿನ ಹಸಿರು ಸೂಚ್ಯಂಕ, ಅಂದರೆ ಎನ್‌ಡಿವಿಐ, 0.75. ಆ ಸಾವಿರವನ್ನು ಕಳೆಯಲು ಮರೆತರೆ ಅದೇ ಮರಗಳ ಸೂಚ್ಯಂಕ 0.50 ಆಗಿಬಿಡುತ್ತದೆ, ಮತ್ತು 2021–2022ರ ನಡುವೆ ಪಶ್ಚಿಮ ಘಟ್ಟವೆಲ್ಲ ಒಮ್ಮೆಗೇ ಸೊರಗಿದಂತೆ ನಕ್ಷೆ ಹೇಳುತ್ತದೆ. ಉಪಗ್ರಹ ಚಿತ್ರಗಳನ್ನು ಜಾಲದಲ್ಲೇ ಸಂಸ್ಕರಿಸಲು ಗೂಗಲ್ ಒದಗಿಸುವ ಅರ್ಥ್ ಎಂಜಿನ್‌ನಲ್ಲಿ 'ಹಾರ್ಮನೈಸ್ಡ್' ಎಂಬ ಹೆಸರಿರುವ ಸಂಗ್ರಹವನ್ನೇ ಆರಿಸಿಕೊಂಡರೆ ಈ ತೊಂದರೆಯಿಲ್ಲ.

ರಿಸೋರ್ಸ್‌ಸ್ಯಾಟ್ ಸರಣಿ 2003, 2011 ಮತ್ತು 2016ರಲ್ಲಿ ಉಡಾವಣೆಯಾದ ಮೂರು ಉಪಗ್ರಹಗಳದ್ದು. ಲಿಸ್-4ರ 5.8 ಮೀಟರ್ ಸ್ಪಷ್ಟತೆ ಸೆಂಟಿನೆಲ್‌ಗಿಂತ ಮೇಲು, ಆದರೆ ಅದರಲ್ಲಿ ಮೂರೇ ಪಟ್ಟಿಗಳಿವೆ, ಕಿರುತರಂಗದ ಅವಕೆಂಪು ಇಲ್ಲ. ಲಿಸ್-3 ಮರಳುವುದು 24 ದಿನಗಳಿಗೊಮ್ಮೆ. ಮೋಡ ಕಟ್ಟಿದ ಒಂದು ಸುತ್ತು ತಪ್ಪಿತೆಂದರೆ ಬೆಳೆಯ ಮುಖ್ಯ ಹಂತವೇ ತಪ್ಪಿದಂತೆ. ಈ ಚಿತ್ರಗಳನ್ನು ನೇರವಾಗಿ ಬಳಸುವುದಕ್ಕಿಂತ, ಅವುಗಳಿಂದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಮಾಡಿದ ನಕ್ಷೆಗಳನ್ನು ಬಳಸುವುದರಲ್ಲಿ ಹೆಚ್ಚು ಲಾಭವಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಮುಂದೆ ಬರುತ್ತೇನೆ.

ಒಂದು ಎಚ್ಚರಿಕೆ: 2005ರ ಲ್ಯಾಂಡ್‌ಸ್ಯಾಟ್ ನಕ್ಷೆಯಿಂದ 2025ರ ಸೆಂಟಿನೆಲ್ ನಕ್ಷೆಯನ್ನು ಕಳೆದು ಬದಲಾವಣೆಯೆಂದು ಕರೆಯಬಾರದು. ಸೂಕ್ಷ್ಮ ಪಿಕ್ಸೆಲ್‌ನಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ರಸ್ತೆ, ಬದುವಿನ ಸಾಲುಮರ, ಒಂಟಿ ಮನೆಗಳು ಆಗಲೂ ಇದ್ದವು. ದಪ್ಪ ಪಿಕ್ಸೆಲ್ ಅವನ್ನು ನುಂಗಿತ್ತು. ಹೋಲಿಸಲೇಬೇಕಾದರೆ ಎರಡನ್ನೂ 30 ಮೀಟರಿಗೆ ಇಳಿಸಿ, ಒಂದೇ ವಿಧಾನದಿಂದ ಮತ್ತೆ ವರ್ಗೀಕರಿಸಬೇಕು. ಇವೆರಡನ್ನೂ ಹೊಂದಿಸಿ ನಾಸಾ ಕೊಡುವ 30 ಮೀಟರಿನ ಸಂಯೋಜಿತ ಸರಣಿಯೂ ಇದೆ.

ಮೋಡದ ಕೆಳಗೆ ರೇಡಾರ್

ಜೂನಿನಿಂದ ಸೆಪ್ಟೆಂಬರಿನವರೆಗೆ ಘಟ್ಟದ ಮೇಲೆ ಬೆಳಕಿನ ಉಪಗ್ರಹಗಳು ಬಹುಮಟ್ಟಿಗೆ ಕುರುಡು, ಮಲೆನಾಡಿನ ಭತ್ತದ ನಾಟಿ ನಡೆಯುವುದೂ ಆಗಲೇ. 2014ರಿಂದ ಇರುವ ಸೆಂಟಿನೆಲ್-1ರ ಸುಮಾರು 5.6 ಸೆಂಟಿಮೀಟರ್ ಅಲೆಗಳು ಮೋಡವನ್ನು ದಾಟಿ ಹೋಗುತ್ತವೆ. ಕೆಸರು ಮಾಡಿ ನೀರು ನಿಲ್ಲಿಸಿದ ಗದ್ದೆ ನಯವಾದ ಮೇಲ್ಮೈಯಾಗಿರುವುದರಿಂದ ಅಲೆಯನ್ನು ಆಚೆಗೆ ಜಾರಿಸಿಬಿಡುತ್ತದೆ. ಉಪಗ್ರಹಕ್ಕೆ ಮರಳುವ ಸಂಕೇತ ತಟ್ಟನೆ ಇಳಿಯುತ್ತದೆ, ಪೈರು ಬೆಳೆದಂತೆ ಮತ್ತೆ ಏರುತ್ತದೆ. ಪ್ರತಿ ಮಳೆಗಾಲವೂ ಮೂಡುವ ಈ ತಗ್ಗು ಗದ್ದೆಯ ಗುರುತು. ತುಂಗಭದ್ರಾ ಅಚ್ಚುಕಟ್ಟಿನ ವಿಶಾಲ ಗದ್ದೆಗಳಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

ಗದ್ದೆ ಅಡಿಕೆ ತೋಟವಾಗುವ ಪ್ರಶ್ನೆಗೆ ರೇಡಾರ್‌ನ ಮೌಲ್ಯ ಇಲ್ಲಿಯೇ ಇದೆ. ಅಡಿಕೆ ಸಸಿ ನೆಟ್ಟ ಮೊದಲ ವರ್ಷಗಳಲ್ಲಿ ಬೆಳಕಿನ ಚಿತ್ರಕ್ಕೆ ಕಾಣುವುದು ಮಣ್ಣು, ಇಲ್ಲವೇ ನಡುವೆ ಹಾಕಿದ ಬಾಳೆ. ಮರದ ಹೊದಿಕೆ ಎಂದು ಗುರುತಾಗುವ ಹೊತ್ತಿಗೆ ಹಲವು ವರ್ಷ ಕಳೆದಿರುತ್ತದೆ. ಬೆಳಕಿನ ಚಿತ್ರವೊಂದನ್ನೇ ನೆಚ್ಚಿದವರು 2016ರಲ್ಲಿ ರೈತ ಕೈಗೊಂಡ ನಿರ್ಧಾರವನ್ನು 2021ಕ್ಕೆ ದಾಖಲಿಸಿ, ಅದಕ್ಕೆ 2020ರ ಧಾರಣೆಯಲ್ಲಿ ಕಾರಣ ಹುಡುಕತೊಡಗುತ್ತಾರೆ. ರೇಡಾರ್‌ನಲ್ಲಾದರೋ ನೀರು ನಿಲ್ಲಿಸುವುದನ್ನು ಬಿಟ್ಟ ಮೊದಲ ಮಳೆಗಾಲದಲ್ಲೇ ಆ ತಗ್ಗು ಮಾಯವಾಗುತ್ತದೆ. ಅದು ಕೂಡ ಗದ್ದೆ ಬೀಳು ಬಿದ್ದುದರ ಗುರುತಾಗಿರಬಹುದು. ತೋಟವೆಂದು ಖಚಿತಪಡಿಸಲು ಮುಂದಿನ ವರ್ಷಗಳ ಬೆಳಕಿನ ಚಿತ್ರ ಬೇಕು. ಹಾಗಾಗಿ ದಿನಾಂಕಕ್ಕೆ ರೇಡಾರ್, ಗುರುತಿಗೆ ಬೆಳಕಿನ ಚಿತ್ರ ಎಂಬ ಹಂಚಿಕೆ ಒಳ್ಳೆಯದು. ಘಟ್ಟದ ಇಳಿಜಾರುಗಳಲ್ಲಿ ರೇಡಾರ್ ಚಿತ್ರ ಸೊಟ್ಟಗಾಗುತ್ತದೆ, ನೆರಳೂ ಬೀಳುತ್ತದೆ. ಒಂದೇ ಕಕ್ಷೆಯ ಚಿತ್ರಗಳನ್ನೇ ಹೋಲಿಸಬೇಕು. ಬಿಡಿ ಪಿಕ್ಸೆಲ್‌ನ ಗದ್ದಲವನ್ನು ತಗ್ಗಿಸಲು ಗದ್ದೆಯ ಪಟ್ಟಿಯಿಡೀ ಸರಾಸರಿ ತೆಗೆಯಬೇಕು. 2021ರ ಡಿಸೆಂಬರಿನಲ್ಲಿ ಸೆಂಟಿನೆಲ್-1ಬಿ ನಿಂತುಹೋದದ್ದರಿಂದ, ನಂತರದ ವರ್ಷಗಳ ಸರಣಿ ವಿರಳವಾಗಿದೆ ಎಂಬುದೂ ನೆನಪಿರಲಿ.

ಸಿದ್ಧ ನಕ್ಷೆಗಳು

ಸ್ವಂತ ವರ್ಗೀಕರಣ ಮಾಡುವ ಸಮಯವಾಗಲಿ ಪರಿಣತಿಯಾಗಲಿ ಇಲ್ಲದವರು ಸಿದ್ಧ ನಕ್ಷೆಗಳಿಗೆ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ವ್ಯಾಖ್ಯೆಯನ್ನು ಓದಿದ್ದರೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾಗತಿಕ ಅರಣ್ಯ ಬದಲಾವಣೆ ನಕ್ಷೆಯಲ್ಲಿ ಮರ ಎಂದರೆ 5 ಮೀಟರಿಗಿಂತ ಎತ್ತರದ ಸಸ್ಯ. ಕೋಲಾರದಲ್ಲಿ ಕಟಾವಾದ ನೀಲಗಿರಿ, ಮಲೆನಾಡಿನಲ್ಲಿ ಕಡಿದು ಮತ್ತೆ ನೆಟ್ಟ ಅಕೇಶಿಯಾ, ಸುಳ್ಯದಲ್ಲಿ ಮುದಿಯಾಗಿ ಕಡಿದ ರಬ್ಬರ್ ಎಲ್ಲವೂ ಅದರಲ್ಲಿ ನಷ್ಟವೇ. ಅಲ್ಲಿ ಭೂಬಳಕೆ ಬದಲಾಗಿಯೇ ಇಲ್ಲ. ನೆಡುತೋಪು ನೆಡುತೋಪಾಗಿಯೇ ಉಳಿದಿದೆ. ಭಾರತೀಯ ಅರಣ್ಯ ಸಮೀಕ್ಷೆಯ ದ್ವೈವಾರ್ಷಿಕ ವರದಿಯ ತೊಡಕು ಇದಕ್ಕೆ ತದ್ವಿರುದ್ಧ. ಒಡೆತನ, ಬಳಕೆ, ಮರದ ಜಾತಿ ಯಾವುದನ್ನೂ ಲೆಕ್ಕಿಸದೆ, ಒಂದು ಹೆಕ್ಟೇರ್ ಅಥವಾ ಹೆಚ್ಚು ಜಾಗದಲ್ಲಿ ಮರಗಳ ನೆತ್ತಿ ಕನಿಷ್ಠ 10 ಶೇಕಡಾ ನೆಲವನ್ನು ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಕೊಡಗಿನ ಕಾಫಿ ತೋಟದಲ್ಲಿ ಕಾಡುಮರಗಳ ನೆರಳು ಹೋಗಿ ಸಿಲ್ವರ್ ಓಕ್ ಬಂದರೂ ಈ ಲೆಕ್ಕ ಕದಲುವುದಿಲ್ಲ. ಒಂದೇ ಜಿಲ್ಲೆಗೆ ಒಂದು ಮೂಲ ನಷ್ಟವನ್ನೂ ಇನ್ನೊಂದು ಸ್ಥಿರತೆಯನ್ನೂ ತೋರಿಸಿದಾಗ ಯಾರೋ ಸುಳ್ಳು ಹೇಳುತ್ತಿದ್ದಾರೆಂದು ಭಾವಿಸುವ ಮೊದಲು ಈ ಎರಡು ವ್ಯಾಖ್ಯೆಗಳನ್ನು ಎದುರುಬದುರು ಇಟ್ಟು ನೋಡಬೇಕು.

ಯುರೋಪಿನ ವರ್ಲ್ಡ್‌ಕವರ್ 10 ಮೀಟರಿನ ಸುಂದರ ನಕ್ಷೆ, ಆದರೆ 2020 ಮತ್ತು 2021ರ ಆವೃತ್ತಿಗಳನ್ನು ಬೇರೆ ಬೇರೆ ವಿಧಾನದಿಂದ ಮಾಡಲಾಗಿದೆ. ಅವುಗಳ ಅಂತರವನ್ನು ಬದಲಾವಣೆಯೆಂದು ಓದುವಂತಿಲ್ಲ. ಗೂಗಲ್‌ನ ಡೈನಾಮಿಕ್ ವರ್ಲ್ಡ್ 2015ರಿಂದ ಪ್ರತಿ ಸೆಂಟಿನೆಲ್ ಚಿತ್ರಕ್ಕೂ ಒಂಬತ್ತು ವರ್ಗಗಳ ಸಂಭವನೀಯತೆಯನ್ನು ಕೊಡುತ್ತದೆ, ಈ ಸಂಭವನೀಯತೆಯೇ ಅದರ ನಿಜವಾದ ಉಪಯೋಗ. ಆದರೆ ಬೇಸಿಗೆಯ ಖಾಲಿ ಹೊಲ ಅದರಲ್ಲಿ ಬರಿನೆಲ ಅಥವಾ ಕುರುಚಲಾಗಿಬಿಡಬಹುದು. ರಾಷ್ಟ್ರೀಯ ದೂರಸಂವೇದಿ ಕೇಂದ್ರವು 2005–06, 2011–12 ಮತ್ತು 2015–16ಕ್ಕೆ ಮಾಡಿದ, ಭುವನ್ ಜಾಲತಾಣದಲ್ಲಿ ನೋಡಸಿಗುವ 1:50,000 ಪ್ರಮಾಣದ ನಕ್ಷೆಗಳು ಹಳೆಯವೆನಿಸಬಹುದು. ಆದರೂ ಮುಂಗಾರು, ಹಿಂಗಾರು, ಬೇಸಿಗೆ ಮೂರೂ ಕಾಲದ ಚಿತ್ರಗಳನ್ನು ನೋಡಿ, ಬೆಳೆ, ಬೀಳು ಮತ್ತು ತೋಟಗಳನ್ನು ಬೇರೆಬೇರೆಯಾಗಿ ಗುರುತಿಸಿದ್ದರಿಂದ ನಮ್ಮ ಬೇಸಾಯವನ್ನು ಅವು ಜಾಗತಿಕ ನಕ್ಷೆಗಳಿಗಿಂತ ಚೆನ್ನಾಗಿ ಅರಿತಿವೆ.

ಪಿಕ್ಸೆಲ್ ಎಣಿಸಿದರೆ ಸಾಲದು

ಯಾವುದನ್ನೇ ಆರಿಸಿದರೂ ಉಳಿಯುವ ಒಂದು ಲೆಕ್ಕವಿದೆ. ಸಾವಿರ ಚದರ ಕಿಲೋಮೀಟರಿನ ತಾಲ್ಲೂಕಿಗೆ ಎರಡು ಕಾಲದ ನಕ್ಷೆಗಳಿವೆ, ಪ್ರತಿಯೊಂದೂ 90 ಶೇಕಡಾ ನಿಖರ, ವರ್ಗಗಳು ಎರಡೇ, ತಪ್ಪುಗಳು ಪರಸ್ಪರ ಸಂಬಂಧವಿಲ್ಲದವು ಎಂದಿಟ್ಟುಕೊಳ್ಳೋಣ. ನಿಜವಾಗಿ ಬದಲಾದದ್ದು 20 ಚದರ ಕಿಲೋಮೀಟರ್. ಬದಲಾಗದ 980ರಲ್ಲಿ ಒಂದು ನಕ್ಷೆ ಸರಿ, ಇನ್ನೊಂದು ತಪ್ಪು ಆಗುವ ಪಾಲು 18 ಶೇಕಡಾ. ಅಂದರೆ 176 ಚದರ ಕಿಲೋಮೀಟರ್ ಹುಸಿ ಬದಲಾವಣೆ. ನಕ್ಷೆ ತೋರಿಸುವ ಒಟ್ಟು ಸುಮಾರು 193ರಲ್ಲಿ ನಿಜವಾದದ್ದು 16 ಮಾತ್ರ. ವಾಸ್ತವದಲ್ಲಿ ತಪ್ಪುಗಳು ಒಂದೇ ಜಾಗದಲ್ಲಿ ಮರುಕಳಿಸುವುದರಿಂದ ಸ್ಥಿತಿ ಇಷ್ಟು ಕೆಟ್ಟಿರುವುದಿಲ್ಲ, ಆದರೆ ದಿಕ್ಕು ಇದೇ. ಎರಡು ನಕ್ಷೆಗಳನ್ನು ಕಳೆಯುವುದಕ್ಕಿಂತ, ಪ್ರತಿ ಪಿಕ್ಸೆಲ್‌ನ ವರ್ಷಾನುವರ್ಷದ ಸರಣಿಯಲ್ಲಿ ಮುರಿತವನ್ನು ಹುಡುಕುವ ವಿಧಾನ ಮೇಲಾಗುವುದು ಇದರಿಂದಲೇ.

ಆಮೇಲೂ ವಿಸ್ತೀರ್ಣವನ್ನು ನಕ್ಷೆಯಿಂದ ನೇರವಾಗಿ ಎತ್ತಿಕೊಳ್ಳಬಾರದು. ನಕ್ಷೆ 50 ಚದರ ಕಿಲೋಮೀಟರ್ ಬದಲಾಗಿದೆ ಎನ್ನುತ್ತದೆ. ಅದರೊಳಗೆ ಯಾದೃಚ್ಛಿಕವಾಗಿ ಆರಿಸಿದ 100 ಬಿಂದುಗಳನ್ನು ಸ್ಪಷ್ಟವಾದ ಹಳೆ–ಹೊಸ ಚಿತ್ರಗಳಲ್ಲಿ ಪರೀಕ್ಷಿಸಿದಾಗ 70 ನಿಜವೆಂದು ಕಂಡರೆ ಅಲ್ಲಿ 35 ಉಳಿಯುತ್ತದೆ. ಬದಲಾಗಿಲ್ಲವೆಂದ 950ರಲ್ಲಿ 300 ಬಿಂದುಗಳ ಪೈಕಿ 3 ಬದಲಾಗಿದ್ದರೆ ಅಲ್ಲಿಂದ 9.5 ಸೇರುತ್ತದೆ. ಒಟ್ಟು 44.5, ಅದು 12ರಷ್ಟು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಈ ಹನ್ನೆರಡರ ಅನಿಶ್ಚಿತತೆಯಲ್ಲಿ ಬಹುಪಾಲು ಬರುವುದು ಆ ಮೂರೇ ಬಿಂದುಗಳಿಂದ. ಆದ್ದರಿಂದ ಹೆಚ್ಚಿನ ಬಿಂದುಗಳನ್ನು ಹಾಕಬೇಕಾದದ್ದು ಎಲ್ಲರೂ ಹಾಕುವ ಬದಲಾದ ಜಾಗದಲ್ಲಲ್ಲ, ಬದಲಾಗಿಲ್ಲವೆಂದು ಬಿಟ್ಟ ಜಾಗದಲ್ಲಿ. ಹಣ ಕೊಟ್ಟು ಕೊಳ್ಳುವ ಅತಿಸ್ಪಷ್ಟ ಚಿತ್ರಗಳಿಗೆ ನಾನು ಖರ್ಚು ಮಾಡುವುದಾದರೆ ಇಡೀ ತಾಲ್ಲೂಕಿನ ನಕ್ಷೆಗಲ್ಲ, ಈ ಬಿಂದುಗಳಿಗೆ.

ಹಾಗಾದರೆ ಆಯ್ಕೆ

ಪಾವಗಡದ ಸೌರ ಉದ್ಯಾನದಂತಹ ಬದಲಾವಣೆಗೆ ಹೆಚ್ಚು ಯೋಚಿಸಬೇಕಿಲ್ಲ. ಸುಮಾರು 13,000 ಎಕರೆ ಒಣಭೂಮಿ 2018ರಿಂದ ಕೆಲವೇ ವರ್ಷಗಳಲ್ಲಿ ಫಲಕಗಳಿಂದ ತುಂಬಿತು. ಒಂದೇ ತಿಂಗಳಿನ ಎರಡು ವರ್ಷದ ಸೆಂಟಿನೆಲ್-2 ಚಿತ್ರಗಳು ಸಾಕು. ಆದರೆ ಆ ಜಮೀನು ಮಾರಾಟವಾಗಿಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು ಎಂಬುದನ್ನು ಉಪಗ್ರಹದ ಯಾವ ಬೆಳಕಿನ ಪಟ್ಟಿಯೂ ತೋರಿಸದು. ನಗರದಂಚಿನ ಮೂವತ್ತು ವರ್ಷಗಳ ಬೆಳವಣಿಗೆಗೆ ಲ್ಯಾಂಡ್‌ಸ್ಯಾಟ್. ಕೆರೆಗಳ ನೀರಿನ ಹರವಿಗೆ ಅದನ್ನೇ ಆಧರಿಸಿದ, 1984ರಿಂದ ಶುರುವಾಗುವ ಜಾಗತಿಕ ಮೇಲ್ಮೈ ನೀರಿನ ನಕ್ಷೆ. ಬೆಳ್ಳಂದೂರಿನಂತೆ ಜಲಕಳೆ ಹಬ್ಬಿದ ಕೆರೆಗಳಲ್ಲಿ ನೀರು ಹಸಿರೆಂದು ಎಣಿಕೆಯಾಗುವುದರಿಂದ ಅಲ್ಲಿ ಇದನ್ನು ಒಂಟಿಯಾಗಿ ನಂಬಬಾರದು. ಬಯಲುಸೀಮೆಯ ಬೀಳು ಮತ್ತು ಬೆಳೆಗೆ ಸೆಂಟಿನೆಲ್-2ರ ಪೂರ್ಣ ವರ್ಷದ ಸರಣಿ, ಹಲವು ವರ್ಷಗಳದ್ದು. ಮಲೆನಾಡಿನ ಗದ್ದೆ–ತೋಟಕ್ಕೆ ಸೆಂಟಿನೆಲ್-1 ಮತ್ತು 2 ಜೊತೆಯಾಗಿ. 2014ಕ್ಕಿಂತ ಹಿಂದಿನ ಗದ್ದೆಯ ಪ್ರಶ್ನೆಗಳಿಗೆ ಪಹಣಿಯ ಬೆಳೆ ಕಾಲಂ ಮತ್ತು ಊರಿನ ಹಿರಿಯರ ನೆನಪೇ ಹೆಚ್ಚು ನೆಚ್ಚಿಕೆಯ ಆಧಾರ.

ಕಾಡು ಮತ್ತು ನೆರಳಿನ ಕಾಫಿಯನ್ನು ಬೇರ್ಪಡಿಸುವ ಕೆಲಸಕ್ಕೆ ಮೇಲಿನ ಯಾವುದೂ ಪೂರ್ತಿ ಒದಗುವುದಿಲ್ಲ, ಏಕೆಂದರೆ ಇವೆಲ್ಲ ನೋಡುವುದು ಮರದ ನೆತ್ತಿಯನ್ನು. ಇಸ್ರೊ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿಸಿದ ನಿಸಾರ್ ಉಪಗ್ರಹದ ಸುಮಾರು 24 ಸೆಂಟಿಮೀಟರ್ ಉದ್ದದ ಅಲೆಗಳು ಎಲೆಗಳ ನಡುವಿನಿಂದ ಇಳಿದು ಕಾಂಡ ಕೊಂಬೆಗಳವರೆಗೆ ತಲುಪುವುದರಿಂದ, ಮರಗಳ ಮೈಕಟ್ಟಿನ ಬಗ್ಗೆ ಹೆಚ್ಚು ಹೇಳಬಲ್ಲವು. ಆದರೆ ಹೋಲಿಸಲು ಹಿಂದಿನ ವರ್ಷಗಳ ಸರಣಿ ಅದಕ್ಕಿಲ್ಲ. ಕೊಡಗಿನಲ್ಲಿ ಈಗ ಅಧ್ಯಯನ ಆರಂಭಿಸುವವರು ಅದರ ಚಿತ್ರಗಳನ್ನು ಇಂದಿನ ಸ್ಥಿತಿಯ ಆಧಾರರೇಖೆಯಾಗಿ ಕಾದಿರಿಸಿ, ಹಿಂದಿನ ಇಪ್ಪತ್ತು ವರ್ಷಗಳ ಪ್ರಶ್ನೆಗೆ ಲ್ಯಾಂಡ್‌ಸ್ಯಾಟ್ ಸರಣಿಯ ಜೊತೆಗೆ ತೋಟಗಳಲ್ಲಿ ನಡೆದಾಡಿ ಮಾಡಿದ ಮರಗಳ ಎಣಿಕೆಯನ್ನೇ ಅವಲಂಬಿಸಬೇಕಾಗುತ್ತದೆ.